ಮಣ್ಣುಮುಕ್ಕ ಸಾಕಿದ್ದ ಗಂಗಣ್ಣ

ಗಂಗಣ್ಣನ ಕನ್ನಡಕದ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ಒರೆಸಿಕೊಳ್ಳಪ್ಪ ಎಂದರೆ, "ಒರಸಿದ್ರೆ ಮತ್ತೆ ಕೂರ್ತದೆ, ಬುಡಿ ಮೇಷ್ಟ್ರೇ" ಎನ್ನುತ್ತಿದ್ದ. ಕೊತ್ತಗೆರೆಯ ಅವನ ಫ್ಲೋರ್ ಮಿಲ್ಲಿಗೆ ರಾಗಿ ಹೊತ್ತು ಹೋದವರಿಗೆಲ್ಲ ಗೊತ್ತು, ಅವನದು ಕಣ್ಣಿನ ಕೆಲಸವಲ್ಲ, ಕೈಯ ಕೆಲಸ. ಬೀಳುವ ಹಿಟ್ಟಿಗೆ ಕೈಯೊಡ್ಡಿ, ಎರಡು ಬೆರಳಲ್ಲಿ ಉಜ್ಜಿ, "ಇನ್ನೂ ತರಿ ಐತೆ" ಎಂದು ಕಲ್ಲು ಬಿಗಿ ಮಾಡುತ್ತಿದ್ದ. ಆ ಬೆರಳು ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಅದೇ ಬೆರಳಲ್ಲಿ ಹಾವನ್ನೂ ಸವರುತ್ತಿದ್ದ. ಮಿಲ್ಲಿನ ಮೂಲೆಯಲ್ಲಿ, ಮರಳು ತುಂಬಿದ ಹಳೇ ಎಣ್ಣೆ ಡಬ್ಬದೊಳಗೆ, ಒಂದು ಮಣ್ಣುಮುಕ್ಕ ಹಾವು ಸಾಕಿದ್ದ. ಎರಡು ತಲೆ ಹಾವೆಂದು ಜನ ಹುಚ್ಚೆದ್ದು ಹುಡುಕುವ ಕೆಂಪು ಜಾತಿಯಲ್ಲ ಅದು. ಮೈಮೇಲೆ ಕಂದು ಮಚ್ಚೆ, ಮೋಟು ಬಾಲ, ವಿಷವಿಲ್ಲ. ನೋಡಲು ವಿಷದ ಕೊಳಕುಮಂಡಲದ ಹಾಗಿರುವುದರಿಂದ ಕಂಡಲ್ಲೇ ಹೊಡೆಸಿಕೊಳ್ಳುವ ಬಡಪಾಯಿ.

ಒಮ್ಮೆ ಗುಬ್ಬಿಯಿಂದ ಒಬ್ಬ ಬೈಕಿನಲ್ಲಿ ಬಂದು, ಎರಡು ತಲೆಯದು ಕೊಡುತ್ತೀಯಾ ಎಂದು ಕೇಳಿದ. ಡಬ್ಬ ಇಣುಕಿ ಮುಖ ಸಿಂಡರಿಸಿಕೊಂಡು ಹೋದ. ಗಂಗಣ್ಣ ನಕ್ಕ. "ಕೆಂಪುಂದೇ ಬೇಕಂತೆ ಅವ್ನಿಗೆ. ಇದನ್ನ ಕೇಳೋರೇ ಇಲ್ಲ, ಅದ್ಕೇ ನಾನ್ ಇಟ್ಕಂಡಿರೋದು. ಬಾಲದ್ ಹತ್ರ ಮುಟ್ನೋಡಿ ಮೇಷ್ಟ್ರೇ, ತರಿ ತರಿ." ನಾನು ಮುಟ್ಟಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನಾದರೂ ಹಾವೆಂದರೆ ನನಗೆ ಎದೆ ಝಲ್ಲೆನ್ನುತ್ತದೆ.

ಕಾನೂನು ಮಾತ್ರ ಚೆನ್ನಾಗಿ ಗೊತ್ತಿತ್ತು. ಹಾವು ಸಾಕುವುದು ಅಪರಾಧ, ಯಾರಾದರೂ ದೂರು ಕೊಟ್ಟರೆ ಜೈಲು ಎಂದು ವಾರವೆಲ್ಲ ಅವನ ತಲೆ ತಿಂದೆ. ಅರಣ್ಯ ಇಲಾಖೆಯವರ ಕೈಗೆ ಕೊಡು ಎನ್ನಬೇಕಿತ್ತು. ಆ ತಾಪತ್ರಯ ಯಾರಿಗೆ ಬೇಕೆಂದು, "ಇಲ್ಲೇ ಹಿಂದ್ಗಡೆ ಬಿಟ್ಬಿಡಪ್ಪ" ಎಂದುಬಿಟ್ಟೆ.

"ನಿಮ್ ಮಾತ್ ಮೀರಕ್ಕಾಯ್ತದಾ" ಎಂದು ಮಿಲ್ಲಿನ ಹಿಂದಿನ ತೆಂಗಿನ ಸಿಪ್ಪೆ ರಾಶಿಯಲ್ಲಿ ಬಿಟ್ಟ. ಅವತ್ತು ಅವನು ಸರಿಯಾಗಿ ಊಟ ಮಾಡಲಿಲ್ಲವಂತೆ. ಹೆಂಡತಿ ಪುಟ್ಟಮ್ಮ ಕೇಳಿದ್ದಕ್ಕೆ, ಸಾಕಾಯಿತು, ಬಿಟ್ಟೆ ಎಂದನಂತೆ. ನನ್ನ ಹೆಸರೆತ್ತಲಿಲ್ಲ. ಆದರೆ ದಿನಾ ಬೆಳಿಗ್ಗೆ ಮಿಲ್ ಶುರು ಮಾಡುವ ಮೊದಲು ಆ ರಾಶಿಯೊಳಗೆ ಕೈ ಹಾಕಿ ಅದಕ್ಕಾಗಿ ತಡಕುತ್ತಿದ್ದ. ನಾನದನ್ನು ಕಂಡು ನಕ್ಕಿದ್ದೇನೆ. ಅಷ್ಟು ಉಪದೇಶ ಮಾಡಿದವನು, ಕೈ ಹಾಕಬೇಡ ಅನ್ನುವ ಒಂದು ಮಾತು ಹೇಳಲಿಲ್ಲ.

ಒಂದು ಬೆಳಿಗ್ಗೆ ಆ ಕೈಗೆ ಕೊಳಕುಮಂಡಲ ಸಿಕ್ಕಿತು. ಅದರ ಮೈಯೂ ತರಿಯೇ.

ಸಂಜೆ ತುಮಕೂರಿನ ಆಸ್ಪತ್ರೆಗೆ ಓಡಿದೆ. ಭುಜದವರೆಗೆ ಕೈ ಊದಿತ್ತು. ಕನ್ನಡಕವಿಲ್ಲದ ಅವನ ಮುಖವನ್ನು ಅವತ್ತೇ ಮೊದಲು ನೋಡಿದ್ದು.

"ತರಿ ಸಿಕ್ತು ಮೇಷ್ಟ್ರೇ, ನಮ್ದೇ ಅಂದ್ಕಂಡು ಎತ್ದೆ. ಬಾಲ ಉದ್ದ ಇತ್ತು," ಎಂದ. ಆಮೇಲೆ, "ನಮ್ದಲ್ಲ ಕಚ್ಚಿದ್ದು. ಊರೋರ್ಗೆ ಹೇಳಿ. ಇಲ್ದಿದ್ರೆ ಅದನ್ನ ಹೊಡ್ದಾಕ್ತಾರೆ."

"ಹೇಳ್ತೀನಿ ಕಣಪ್ಪ" ಎಂದೆ.

ಮೂರನೇ ದಿನ ಕಿಡ್ನಿ ಕೈಕೊಟ್ಟು ತೀರಿಹೋದ.

ಮಣ್ಣು ಮಾಡಿ ಬಂದ ಜನ ದೊಣ್ಣೆ, ಸೀಮೆಎಣ್ಣೆ ಹಿಡಿದು ರಾಶಿಯ ಸುತ್ತ ನಿಂತರು. ಪುಟ್ಟಮ್ಮ ಎಲ್ಲರೆದುರು ನನ್ನನ್ನು ಕೇಳಿದಳು: "ಸಾಕಿದ್ದೇ ಕಚ್ತಲ್ವಾ ಮೇಷ್ಟ್ರೇ? ನಿಮ್ಗೇನಾದ್ರೂ ಹೇಳುದ್ರಾ?"

ಅಲ್ಲ ಎಂದರೆ, ಡಬ್ಬದಲ್ಲಿದ್ದದ್ದು ಯಾರ ಮಾತಿಗೆ ರಾಶಿಗೆ ಬಂತು ಎಂಬುದನ್ನೂ ಹೇಳಬೇಕಿತ್ತು. ನನಗೆ ಭಯವಾಯಿತು. ತಲೆ ತಗ್ಗಿಸಿದೆ. ಅದನ್ನೇ ಅವಳು ಹೌದು ಎಂದುಕೊಂಡಳು.

ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೆ ಮೋಟು ಬಾಲದ ಹಾವೊಂದು ತೆವಳುತ್ತಾ ಹೊರಗೆ ಬಂತು. ನಿಧಾನವಾಗಿ, ಸೀದಾ ಜನರ ಕಾಲಿನ ಕಡೆಗೇ ಬಂತು, ಅದಕ್ಕೆ ಮನುಷ್ಯರ ಹೆದರಿಕೆ ಇರಲಿಲ್ಲ. ದೊಣ್ಣೆಗಳು ಮೇಲೆದ್ದವು. ಆಗಲೂ ನಾನು ಬಾಯಿ ಬಿಡಲಿಲ್ಲ.