ದಿನಕ್ಕೊಂದು ತೇಪೆ

ತೇಪೆಯಕ್ಕನ ಸುದ್ದಿ ಇಸ್ತ್ರಿಯವಳ ಕಿವಿಗೆ ಮೊದಲು ಬಿದ್ದದ್ದು ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದ ದಿನವೇ. ಅವಳ ಗಂಡ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಗಿನಿಂದ ನಿಂತೂ ನಿಂತೂ ಕಾಲು ಮರದ ಕೊರಡಾಗಿತ್ತು. ಒಗೆದ ಚಾದರಗಳನ್ನು ತಂದು ಸುರಿಯುವ ಗಾಡಿಯವನು, "ಹರಿದದ್ದು ಕಂಡ್ರೆ ಒಳಗಡೆ ತೇಪೆಯಕ್ಕಂಗೆ ಕೊಡಮ್ಮ. ಆದ್ರೆ ಹುಷಾರು, ಅವಳ ಹತ್ರ ಹೋದ ಚಾದರ ಮೀನು ಹಿಡ್ಕೊಂಡು ವಾಪಸ್ ಬರುತ್ತೆ" ಎಂದ. ಅವಳಿಗೆ ನಗುವಷ್ಟೂ ತ್ರಾಣವಿರಲಿಲ್ಲ.

ಮಧ್ಯಾಹ್ನ ಒಂದು ಚಾದರ ಬಿಡಿಸಿದರೆ ನಿಜಕ್ಕೂ ಮೀನು. ತೂತಿದ್ದ ಜಾಗದಲ್ಲಿ, ಹಳೆಯ ನೀಲಿ ಪರದೆಯ ಚೂರಿನಿಂದ ಕತ್ತರಿಸಿ ಹೊಲಿದ ಬೆರಳುದ್ದದ ಮೀನು.

ತೇಪೆಯಕ್ಕ ದಿನಕ್ಕೆ ಮೂವತ್ತು ನಲವತ್ತು ತೇಪೆ ಹಾಕುವವಳು. ಎಲ್ಲ ಚೌಕ, ಎಲ್ಲ ಬಿಳಿ. ಒಂದು ಮಾತ್ರ ಹಾಗಲ್ಲ. ಬೆಳಿಗ್ಗೆ ಬಂದು ಕೂತವಳೇ ಮೊದಲ ತೂತಿಗೆ ಎಲೆಯೋ ಕೊಡೆಯೋ ಬೀಗದ ಕೈಯೋ ಹಾಕಬೇಕು, ಆಮೇಲೇ ಮಿಕ್ಕ ಕೆಲಸ. ರಜೆಯ ದಿನಕ್ಕೆಂದು ಹರಿದ ದಿಂಬಿನ ಚೀಲವೊಂದನ್ನು ಮನೆಗೆ ಒಯ್ಯುತ್ತಿದ್ದಳು. ಹದಿನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿರಲಿಲ್ಲ. ಅವಳ ಗಂಡ ಇದೇ ಆಸ್ಪತ್ರೆಯಲ್ಲಿ ಏಳು ತಿಂಗಳು ಮಲಗಿದ್ದನಂತೆ. ಕೊನೆಕೊನೆಗೆ ಅವನಿಗೆ ನೋಡಲು ಎದೆಮೇಲಿನ ಚಾದರ ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಇಷ್ಟು ಹೇಳಿ ತೇಪೆಯಕ್ಕ ಹಲ್ಲಿನಿಂದ ದಾರ ಕಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ದಿನಾ ಮನಸ್ಸು ಬರುತ್ತದೆಯೇ ಎಂದು ಇಸ್ತ್ರಿಯವಳು ಒಮ್ಮೆ ಕೇಳಿದ್ದುಂಟು.

"ಮನಸ್ಸನ್ನ ಯಾರು ಕಾಯ್ತಾರೆ? ಅದಕ್ಕೂ ಸುಸ್ತು. ಕೈ ಮೊದ್ಲು ಕೂರ್ಬೇಕು, ಅದು ಆಮೇಲೆ ಕಾಲೆಳ್ಕೊಂಡು ಬರುತ್ತೆ. ಬರದಿದ್ರೂ ತೂತಂತೂ ಮುಚ್ತಲ್ಲ."

ಒಂದು ದಿನ ತೇಪೆಯಕ್ಕನ ಮೈ ಜ್ವರದಿಂದ ಕೆಂಡವಾಗಿತ್ತು. ಅವತ್ತಿನ ಬಾತುಕೋಳಿಯ ಕತ್ತು ಯಾರೋ ಹಿಂಡಿದ ಹಾಗೆ ಸೊಟ್ಟಗಾಯಿತು. ನೋಡಿದವರು ಅಕ್ಕನನ್ನು ಆಡಿಕೊಳ್ಳದಿರಲಿ ಎಂದು ಇಸ್ತ್ರಿಯವಳು ಊಟದ ಬಿಡುವಿನಲ್ಲಿ ಅದನ್ನು ಬಿಚ್ಚಿ, ಕತ್ತು ನೆಟ್ಟಗೆ ಮಾಡಿ ಹೊಲಿದು, ಮೇಲೊಮ್ಮೆ ಇಸ್ತ್ರಿಯನ್ನೂ ಎಳೆದಿಟ್ಟಳು. ದೊಡ್ಡ ಉಪಕಾರ ಮಾಡಿದೆನೆಂದು ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ಮರುದಿನ ಕಪಾಟಿನಲ್ಲಿದ್ದ ಆ ಚಾದರದ ಮೇಲೆ ಕೈಯಾಡಿಸಿದ ಕೂಡಲೇ ತೇಪೆಯಕ್ಕನಿಗೆ ಹೊಲಿಗೆ ತನ್ನದಲ್ಲವೆಂದು ಗೊತ್ತಾಯಿತು. ಬೈಯಲಿಲ್ಲ.

"ಅದು ನನ್ನದೊಂದು ದಿನ ಆಗಿತ್ತು ಕಣೇ. ಬಿಚ್ಚಿ ಹಾಕ್ಬಿಟ್ಯಲ್ಲ."

ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಚಹಾದ ಲೋಟ ಇವಳ ಕಡೆ ತಳ್ಳಿದಳು. ಆದರೆ ಅಷ್ಟು ವರ್ಷಗಳಲ್ಲಿ ಅದೊಂದೇ ದಿನ ಖಾಲಿ ಉಳಿಯಿತೆಂಬುದು ಇಬ್ಬರಿಗೂ ಗೊತ್ತಿತ್ತು.

ಮತ್ತೆ ಆರು ವರ್ಷಕ್ಕೆ ತೇಪೆಯಕ್ಕ ತಾನೇ ಮೇಲಿನ ಮಹಡಿಯ ವಾರ್ಡಿನಲ್ಲಿ ಮಲಗಿದಳು. ಬೆರಳುಗಳು ಊದಿ ಸೂಜಿ ಸರಿಯಾಗಿ ನಿಲ್ಲುತ್ತಿರಲಿಲ್ಲ. ಇಸ್ತ್ರಿಯವಳು ಕೆಲಸ ಮುಗಿಸಿ, ಒಂದೊಂದು ಮೆಟ್ಟಿಲಿಗೂ ಉಸ್ಸೆನ್ನುತ್ತ ಹತ್ತಿ ಹೋಗಿ, ದಿಂಬಿನ ಚೀಲವನ್ನು ಮಂಚದ ಮೇಲೆ ಹರಡುವಳು. ಅಕ್ಕ ಸೂಜಿ ಚುಚ್ಚಿದರೆ ಇವಳು ಎಳೆಯುವಳು. ಒಂದು ಎಲೆಗೆ ಒಂದು ಗಂಟೆ. ನಿಮ್ಮ ಹೊಲಿಗೆ ನೋಡುತ್ತಿದ್ದರೆ ನನಗೇ ತೂಕಡಿಕೆ ಬರುತ್ತದೆ ಎಂದು ನರ್ಸಮ್ಮ ತಮಾಷೆ ಮಾಡುವಳು. ಸಾಕು ಬಿಡಕ್ಕ, ಯಾರು ಕೇಳ್ತಾರೆ ಎಂದು ಎಷ್ಟೋ ಸಲ ಬಾಯಿಗೆ ಬಂದದ್ದನ್ನು ಇವಳು ನುಂಗಿಕೊಂಡಳು.

ಹನ್ನೆರಡನೆಯ ದಿನ ಸೂಜಿ ಎರಡು ಸಲ ಜಾರಿತು. ಮೂರನೆಯ ಸಲ ಜಾರಿದಾಗ ಅಕ್ಕ ಅದನ್ನು ಹುಡುಕಲಿಲ್ಲ. ಚೀಲವನ್ನು ಇವಳ ಕಡೆ ಸರಿಸಿದಳು.

"ಇವತ್ತಿಂದು ನೀನೇ ಹಾಕು."

"ಏನು ಹಾಕ್ಲಿ ಅಕ್ಕ?"

"ಆ ಬಾತುಕೋಳಿ ಹಾಕು. ಕತ್ತು ನೆಟ್ಟಗೆ ಮಾಡ್ಬೇಡ."