ಬೆಟ್ಟಯ್ಯ ಸೋತ ಭಾನುವಾರ

ಮನೆಗೊಂದೇ ಟೀವಿ, ಅದರ ರಿಮೋಟಿಗೆ ದಿನಕ್ಕೊಂದು ಜಗಳ ಇದ್ದ ಕಾಲ ಅದು. ಸುಂಕದಕಟ್ಟೆಗೆ ಕೇಬಲ್ ಆಗಷ್ಟೇ ಬಂದಿತ್ತು. ಭಾನುವಾರ ಸಂಜೆ ಟೀವಿಯಲ್ಲಿ ಫಾರಿನ್ ಕುಸ್ತಿ ಶುರುವಾಯಿತು ಅಂದರೆ ನಮ್ಮ ಬೀದಿಯ ಗೋಲಿ, ಲಗೋರಿ ಎಲ್ಲ ಬಂದ್. ಅಮ್ಮ ಕಡಲೆಕಾಯಿ ಬೇಯಿಸಿ ಬೋಸಿ ತುಂಬ ತಂದಿಡೋಳು. ಆ ಉಪ್ಪು ಹಬೆಯ ವಾಸನೆ ಬಂದರೆ ನನಗೆ ಇವತ್ತೂ ಭಾನುವಾರ ಅನ್ನಿಸುತ್ತೆ.

ನಮ್ಮಣ್ಣ ಮಂಜ ಆ ಕುಸ್ತಿಯ ಪರಮಭಕ್ತ. ಅವನ ಹೃದಯದಲ್ಲಿ ಹುಟ್ಟಿದಾಗಿನಿಂದ ಒಂದು ತೂತು. ಸ್ವಲ್ಪ ಓಡಿದರೂ ತುಟಿ ನೀಲಿಯಾಗೋದು. ಹುಡುಗರು ಆಡುವಾಗ ಇವನು ಜಗುಲಿ ಮೇಲೆ ಕೂತು ಅಂಪೈರು. ಆದರೆ ಯಾರಾದರೂ 'ಆ ಕುಸ್ತಿಯೆಲ್ಲ ಬರೀ ಡೂಪು' ಅಂದರೆ ಮುಗೀತು, ಏದುಸಿರು ಬಿಡುತ್ತಲೇ ಮೈಮೇಲೆ ಬೀಳೋನು. ಅವನ ಮೆಚ್ಚಿನ ಪೈಲ್ವಾನನ ಹೆಸರು ನಮ್ಮನೇಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಆಳಿನ ಗಾತ್ರ ನೋಡಿ ಅಜ್ಜಿ ಬೆಟ್ಟಯ್ಯ ಅಂತ ನಾಮಕರಣ ಮಾಡಿದಳು.

ಅಜ್ಜಿಯ ಅಪ್ಪ ಗರಡಿಮನೆ ನಡೆಸಿದವರು. ಅಖಾಡಕ್ಕೆ ಇಳಿದವನು ಸುಳ್ಳಾಡಲ್ಲ ಅನ್ನೋದು ಅವಳ ಗಟ್ಟಿ ನಂಬಿಕೆ. ಬೆಟ್ಟಯ್ಯ ಬಂದ ಅಂದರೆ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ತೊಡೆ ತಟ್ಟೋಳು. ಎದುರಾಳಿ ಮೋಸ ಮಾಡಿದರೆ ರೆಫರಿಯ ವಂಶವನ್ನೇ ಜಾಲಾಡೋಳು. ಮಂಜ ನಕ್ಕು ನಕ್ಕು ಅವಳ ಮಡಿಲಿಗೆ ಒರಗೋನು. ನನಗೆ ಹೊಟ್ಟೆಕಿಚ್ಚು, ಯಾಕೆ ಸುಳ್ಳು ಹೇಳಲಿ.

ಆ ಬೇಸಿಗೆಯಲ್ಲಿ ಡಾಕ್ಟರು ಇನ್ನು ತಡಮಾಡಬೇಡಿ, ಆಪರೇಷನ್ ಮಾಡಿಸಿಬಿಡಿ ಅಂದರು. ಅಪ್ಪನಿಗೆ ಧೈರ್ಯ ಸಾಲದು. ಅಜ್ಜಿ ಹೂಂ ಅನ್ನದೆ ನಮ್ಮನೇಲಿ ಬೋರ್‌ವೆಲ್ಲನ್ನೂ ಕೊರೆಸಿದವರಲ್ಲ. ಅಜ್ಜಿ ಮಾರಮ್ಮನ ಗುಡಿಗೆ ಹೋಗಿ ಹೂವಿನ ಅಪ್ಪಣೆ ಕೇಳಿದಳು. ಬಲಕ್ಕೆ ಬಿದ್ದರೆ ಮಾಡಿಸಿ, ಎಡಕ್ಕೆ ಬಿದ್ದರೆ ಬೇಡ. ಎಷ್ಟು ಹೊತ್ತು ಕಾದರೂ ಹೂವು ಮಾರಮ್ಮನ ಮುಡಿಯಿಂದ ಅಲುಗಲೇ ಇಲ್ಲ. ಇನ್ನೊಂದು ವಾರ ಬಿಟ್ಟು ಬನ್ನಿ ಅಂದರು ಪೂಜಾರಿ. ಆದರೆ ಆಸ್ಪತ್ರೆಯಲ್ಲಿ ಮುಂದಿನ ಬುಧವಾರಕ್ಕೇ ದಿನ ಗೊತ್ತು ಮಾಡಿದ್ದರು.

ಅದಕ್ಕೇ ಅಜ್ಜಿ ಭಾನುವಾರ ಟೀವಿ ಮುಂದೆ ಕೂತಳು. ನೆತ್ತಿಗೆ ನೀರು ಹಾಕಿಕೊಂಡು, ಟೀವಿಗೆ ಕುಂಕುಮ ಇಟ್ಟು, ಹುಡುಗನ ದೇವರು ಇವನೇ ಅಲ್ಲವಾ, ಇವನನ್ನೇ ಕೇಳ್ತೀನಿ ಅಂದಳು. ಬೆಟ್ಟಯ್ಯ ಗೆದ್ದರೆ ಆಪರೇಷನ್, ಸೋತರೆ ಇಲ್ಲ. ಅಪ್ಪ ತಲೆ ಚಚ್ಚಿಕೊಂಡರು. ಆದರೂ ಬಾಗಿಲ ಹತ್ತಿರ ನಿಂತೇ ಇದ್ದರು.

ಬೆಟ್ಟಯ್ಯ ಚೆನ್ನಾಗೇ ಆಡಿದ. ಎದುರಾಳಿಯನ್ನು ಎತ್ತಿ ಕುಕ್ಕಿದ, ಹಗ್ಗದಾಚೆ ಎಸೆದ. ಇನ್ನೇನು ಗೆದ್ದ ಅನ್ನುವಾಗ ಯಾವನೋ ಹಿಂದಿನಿಂದ ಬಂದು ಕಬ್ಬಿಣದ ಕುರ್ಚಿಯಲ್ಲಿ ಬಾರಿಸಿದ. ರೆಫರಿ ಅತ್ತ ತಿರುಗಿದ್ದ. ಬೆಟ್ಟಯ್ಯ ಮಕಾಡೆ ಬಿದ್ದವನು ಏಳಲಿಲ್ಲ. ಅಜ್ಜಿ ಬೈಯಲೂ ಇಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೇಡ, ಹುಡುಗನ ಮೈಗೆ ಕತ್ತಿ ಮುಟ್ಟಿಸಬೇಡಿ ಅಂದಳು.

ಮಂಜ ಎದ್ದು ಬಂದು ಅವಳ ಮುಂದೆ ಕೂತ.

"ಅದು ನಾಟ್ಕ ಕಣಜ್ಜಿ. ಯಾರು ಗೆಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರೆ. ನಂಗೆ ಗೊತ್ತಿತ್ತು."

"ನನ್ ತಲೆ ಮುಟ್ಟಿ ಹೇಳು ಮಗಾ."

ಹಿಂದೆ ಮುಂದೆ ನೋಡದೆ ಅವಳ ತಲೆ ಮೇಲೆ ಕೈಯಿಟ್ಟು, "ನಾಟ್ಕ," ಅಂದ. ಆಮೇಲೆ ಮೆಲ್ಲಗೆ, "ನಂಗೂ ಓಡ್ಬೇಕು ಅಜ್ಜಿ," ಅಂದ.

ಅಜ್ಜಿ ಅವನ ಕೈಯನ್ನು ತಲೆಯಿಂದ ಇಳಿಸಿ ಕಣ್ಣಿಗೊತ್ತಿಕೊಂಡಳು. ಹಾಗಾದರೆ ಹೋಗಿ ಬಾ ಅಂದಳು.

ಬುಧವಾರ ಮಂಜನನ್ನು ಒಳಗೆ ಕರೆದೊಯ್ಯುವ ಮುಂಚೆ ನನ್ನನ್ನೂ ಅವನ ಹತ್ತಿರ ಬಿಟ್ಟರು. ಹಸಿರು ಗೌನಿನಲ್ಲಿ ಇನ್ನೂ ಸಣ್ಣಗೆ ಕಾಣುತ್ತಿದ್ದ. ಹತ್ತಿರ ಕರೆದು ಕಿವಿಯಲ್ಲಿ ಹೇಳಿದ, "ಪುಟ್ಟಿ, ಬೆಟ್ಟಯ್ಯ ಬಿಡಲ್ಲ ನೋಡ್ತಿರು. ಈ ಭಾನುವಾರ ಸೇಡು ತೀರಿಸ್ಕೋತಾನೆ. ಪೂರ್ತಿ ನೋಡ್ಕೊಂಡ್ ಬಂದು ನಂಗೆ ಹೇಳ್ಬೇಕು."

"ನಾಟ್ಕ ಅಂದ್ಯಲ್ಲೋ?"

"ಸುಮ್ನಿರೇ, ಅಜ್ಜಿಗೆ ಕೇಳ್ಸುತ್ತೆ."

ಆಪರೇಷನ್ನಿನಲ್ಲೇ ಹೋಗಿಬಿಟ್ಟ ನಮ್ಮಣ್ಣ.

ಡಾಕ್ಟರನ್ನು ಬೈದವರಿದ್ದಾರೆ, ಹಣೆಬರಹ ಅಂದವರಿದ್ದಾರೆ. ಅಜ್ಜಿ ಮಾತ್ರ ಯಾರನ್ನೂ ಏನೂ ಅನ್ನಲಿಲ್ಲ. ಸಾಯುವವರೆಗೂ ಆಗಾಗ ಒಂದೇ ಮಾತು ಕೇಳೋಳು, ಅದು ನಾಟ್ಕಾನೇ ಅಲ್ವೇನೇ ಪುಟ್ಟಿ ಅಂತ. ಹೌದಜ್ಜಿ, ನಾಟ್ಕಾನೇ, ಅನ್ನುತ್ತಿದ್ದೆ. ಇನ್ನೇನು ಹೇಳಲಿ ಹೇಳಿ?

ಈಗ ನಮ್ಮ ಜಗುಲಿ ಇದ್ದ ಕಡೆ ಬಾಡಿಗೆ ಮನೆಗಳ ಮಹಡಿ ಎದ್ದಿದೆ. ನನ್ನ ಮಗ ಮೊಬೈಲಿನಲ್ಲಿ ಕುಸ್ತಿಯ ತುಣುಕು ನೋಡುತ್ತಾನೆ, ಒಬ್ಬನೇ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು. ಅದೆಲ್ಲ ಸ್ಕ್ರಿಪ್ಟ್ ಕಣಮ್ಮ ಅಂತ ನನಗೇ ಬುದ್ಧಿ ಹೇಳುತ್ತಾನೆ. ಪಾಪ, ತಪ್ಪೇನಿಲ್ಲ. ಒಬ್ಬ ಪೈಲ್ವಾನನಿಗಾಗಿ ಒಂದು ಬೀದಿಯೇ ಉಸಿರು ಬಿಗಿಹಿಡಿದು ಕೂರೋದು ಹೇಗಿರುತ್ತೆ ಅಂತ ಅವನು ಕಂಡಿಲ್ಲ. ಅಣ್ಣ ಅನ್ನೋ ಪ್ರಾಣಿ ಮನೇಲಿದ್ದರೆ ಹೇಗಿರುತ್ತೆ ಅಂತಲೂ ಕಂಡಿಲ್ಲ, ಒಬ್ಬನೇ ಮಗ.

ಅಣ್ಣ ಹೇಳಿದ್ದ ಆ ಭಾನುವಾರ ನಮ್ಮನೆ ತುಂಬ ನೆಂಟರು, ಟೀವಿಗೆ ಬೆಡ್‌ಶೀಟು ಹೊದಿಸಿದ್ದರು. ನಾನು ಯಾರಿಗೂ ಹೇಳದೆ ಹೋಗಿ ಪಕ್ಕದ ಮನೆಯ ಕಿಟಕಿ ಸರಳು ಹಿಡಿದು ನಿಂತು ಪೂರ್ತಿ ನೋಡಿದೆ. ಬೆಟ್ಟಯ್ಯ ಗೆದ್ದ. ನಮ್ಮನೆ ಬಾಗಿಲವರೆಗೂ ಓಡಿಯೇ ಬಂದೆ. ಆಮೇಲೆ ಯಾರಿಗೆ ಹೇಳಬೇಕು ಅಂತ ಗೊತ್ತಾಗಲಿಲ್ಲ.