ಬೋರಲು ಹಾಕಿದ ಕೊಪ್ಪರಿಗೆ

ಮಿಸಿಸಿಪ್ಪಿ ಹೊಳೆದಂಡೆಯ ಹತ್ತಿ ತೋಟದಲ್ಲಿ ಬಟ್ಟೆ ಒಗೆಯುತ್ತಿದ್ದ ಕೆಜಾಯಾಳಿಗೆ ದೇವರ ಮೇಲಿದ್ದಷ್ಟೇ ನಂಬಿಕೆ ತನ್ನ ಕಬ್ಬಿಣದ ಕೊಪ್ಪರಿಗೆಯ ಮೇಲೂ ಇತ್ತು. ಗುಲಾಮರು ಒಟ್ಟುಗೂಡಿ ಪ್ರಾರ್ಥಿಸಿದರೆ ಚರ್ಮ ಸುಲಿಯುವ ಕಾಲ. ಅದಕ್ಕೇ ಭಾನುವಾರ ಗುಡಿಸಲ ಬಾಗಿಲಲ್ಲಿ ಕೊಪ್ಪರಿಗೆ ಬೋರಲು ಹಾಕಿ, ಸುತ್ತ ಕೂತು ಹಾಡುತ್ತಿದ್ದರು, ಅಳುತ್ತಿದ್ದರು. ಸದ್ದನ್ನೆಲ್ಲ ಅದು ನುಂಗುತ್ತದೆಂದು ಅಜ್ಜಿಯರು ಹೇಳಿಕೊಟ್ಟಿದ್ದರು. ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ.

ಗುಲಾಮಗಿರಿ ಬಿಡಲೊಲ್ಲದ ದಕ್ಷಿಣದ ರಾಜ್ಯಗಳು ದೇಶ ಒಡೆದು, ಯುದ್ಧ ಶುರುವಾಗಿ ಎರಡು ವರ್ಷ ತುಂಬುವ ಹೊತ್ತಿಗೆ, ದಂಗೆಯೆದ್ದ ರಾಜ್ಯಗಳ ಗುಲಾಮರೆಲ್ಲ ಇನ್ನು ಸ್ವತಂತ್ರರು, ಬೇಕಿದ್ದರೆ ಬಂದೂಕನ್ನೂ ಹಿಡಿಯಬಹುದು ಎಂದು ಅಧ್ಯಕ್ಷರು ಕಾಗದಕ್ಕೆ ಸಹಿ ಹಾಕಿದರಂತೆ. ಸುದ್ದಿ ಕಿವಿಗೆ ಬಿದ್ದ ವಾರವೇ ಅವಳ ಗಂಡ ಪ್ರಿನ್ಸ್ ಅಧ್ಯಕ್ಷರ ನೀಲಿ ಅಂಗಿಯ ಸೈನ್ಯ ಸೇರಲು ಓಡಿದ. ಕಾಗದ ತೋಟದ ಬೇಲಿ ದಾಟಿ ಬರಲಿಲ್ಲ. ಬಂದದ್ದು ಚಾಟಿ. ಮೇಸ್ತ್ರಿ ಸ್ಟ್ರೌಡ್ ಅವಳನ್ನು ಕಂಬಕ್ಕೆ ಬಿಗಿದು ಬೆನ್ನು ಹರಿಯುವಂತೆ ಹೊಡೆದ, ಗಾಯಕ್ಕೆ ಉಪ್ಪುನೀರು ಸುರಿದ. ಗಂಡ ಹೋದ ದಾರಿಯನ್ನು ಅವಳು ಹೇಳಲಿಲ್ಲ.

ಬೇಸಿಗೆಯಲ್ಲಿ ಫಿರಂಗಿಯ ಸದ್ದು ಹತ್ತಿರವಾಯಿತು. ಸ್ವತ್ತು ಬಿಟ್ಟುಕೊಡಲು ಯಜಮಾನನೇನು ದಡ್ಡನೇ? ಮೊದಲು ಮಕ್ಕಳನ್ನು ಗಾಡಿಗೆ ತುಂಬಿ, ನೀಲಿ ಸೈನ್ಯ ತಲುಪದ ದೂರದ ಟೆಕ್ಸಸ್‌ಗೆ ಸಾಗಿಸಿರಿ, ತಾಯಂದಿರು ತಾವಾಗಿ ಹಿಂದೆ ಬರುತ್ತಾರೆ ಎಂದು ಅಪ್ಪಣೆ ಮಾಡಿದ. ಕೆಜಾಯಾ ಹೆತ್ತವರಲ್ಲಿ ಮೂವರನ್ನು ಅವನು ಆಗಲೇ ಮಾರಿದ್ದ. ಉಳಿದವಳು ಎಂಟು ವರ್ಷದ ಲೆಟ್ಟಿ. ಅವಳನ್ನು ಕೊಪ್ಪರಿಗೆಯ ಕೆಳಗೆ ಅಡಗಿಸಿ, ಗಾಳಿಯಾಡಲು ಅಂಚಿಗೊಂದು ಕಲ್ಲು ಕೊಟ್ಟಳು.

“ಅಳು ಬಂದ್ರೆ ಅತ್ಬುಡು ಕಂದಾ. ಇದು ನುಂಗ್ಕೊತದೆ, ಯಾರ್ಗೂ ಕೇಳ್ಸಾಕಿಲ್ಲ,” ಎಂದಳು.

ಆ ಒಂದು ಮಾತು ಹೇಳಬಾರದಿತ್ತು.

ಸ್ಟ್ರೌಡ್ ಬಂದ. “ಎಲ್ಲೇ ನಿನ್ ಮರಿ?”

“ಹೊಳೆಗೆ ಬಿತ್ತು ದೊರೆ. ಹುಡುಕ್ಕೊಳ್ಳಿ.”

“ಗಂಡನೂ ಹೊಳೆಗೇ ಬಿದ್ನಾ? ನಿಮ್ಮನೇವ್ರಿಗೆಲ್ಲ ಈಜೋ ಹುಚ್ಚು,” ಎಂದು ನಗುತ್ತಲೇ ಚಾಟಿಯ ಹಿಡಿಯಿಂದ ಅವಳ ಬಾಯಿಗೆ ಹೊಡೆದ. ಎರಡು ಹಲ್ಲು ಉದುರಿದವು. ಕೆಡವಿ ಪಕ್ಕೆಗೆ ಒದ್ದ.

ತಾಯಿಗೆ ಬೀಳುವ ಒದೆ ಕೇಳುತ್ತ, ತಾಯಿಯ ಮಾತನ್ನೇ ನಂಬಿ, ಲೆಟ್ಟಿ ಗಟ್ಟಿಯಾಗಿ ಅತ್ತಳು. ಕಬ್ಬಿಣ ಅದನ್ನು ನುಂಗಲಿಲ್ಲ. ಗಂಟೆಯ ಹಾಗೆ ಮೊಳಗಿಸಿತು.

ಸ್ಟ್ರೌಡ್ ಕೊಪ್ಪರಿಗೆ ಉರುಳಿಸಿ ಮಗುವಿನ ಕೂದಲು ಹಿಡಿದೆಳೆದ. ಅವನು ಬಗ್ಗಿದ್ದೇ ತಡ, ಕೆಜಾಯಾ ಬಟ್ಟೆ ಬಡಿಯುವ ಕೊರಡೆತ್ತಿ ತಲೆಗೆ ಬೀಸಿದಳು. ಬಿದ್ದವನು ಪಿಸ್ತೂಲಿಗೆ ಕೈ ಹಾಕಿದ. ಆ ಕೈ ಮುರಿದಳು. ವರ್ಷಗಟ್ಟಲೆ ಅವನ ಅಂಗಿ ಬಡಿದ ತೋಳು, ಅವನ ಅಲುಗಾಟ ನಿಲ್ಲುವವರೆಗೂ ಅದೇ ಲಯದಲ್ಲಿ ಬಡಿಯಿತು. ತಪ್ಪೆನ್ನುವವರು ಅವಳ ಬೆನ್ನನ್ನೊಮ್ಮೆ ನೋಡಿ ಮಾತಾಡಲಿ.

ಮಗುವನ್ನು ಹೊತ್ತು, ಜವುಗು ದಾಟಿ ನೀಲಿ ಸೈನ್ಯದ ಬಿಡಾರ ಸೇರಿದಳು. ಪ್ರಿನ್ಸ್ ಸಿಗಲಿಲ್ಲ. ಕೈಯೆತ್ತಿ ಶರಣಾದ ಮೇಲೂ ದಂಗೆಕೋರರು ಇರಿದು ಕೊಂದ ಕರಿಯ ಸಿಪಾಯಿಗಳಲ್ಲಿ ಅವನೂ ಒಬ್ಬ. ಆ ಸುದ್ದಿ ಬಂದ ದಿನ ಅವಳು ಬಿಡಾರದ ಕೊಪ್ಪರಿಗೆಯನ್ನು ಬೋರಲು ಹಾಕಿಯೇ ಅತ್ತಳು. ಮೋಸ ಮಾಡುವ ಪಾತ್ರೆಯೆಂದು ಗೊತ್ತಿದ್ದರೂ ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ.

ನೀಲಿ ಸೈನ್ಯ ಯುದ್ಧ ಗೆದ್ದು, ಒಡೆದ ದೇಶ ಇನ್ನೇನು ಒಂದಾಯಿತು ಎನ್ನುವಷ್ಟರಲ್ಲಿ ಸೋತ ಕಡೆಯವನೊಬ್ಬ ಅಧ್ಯಕ್ಷರನ್ನು ಗುಂಡಿಕ್ಕಿ ಕೊಂದ. ಸುದ್ದಿ ಬಂದಾಗ ಕೆಜಾಯಾ ಪಟ್ಟಣದ ಬೀದಿಬದಿಯಲ್ಲಿ ಬಟ್ಟೆ ಕುದಿಸುತ್ತಿದ್ದಳು. ನಿಂತಲ್ಲೇ ಎದೆ ಬಡಿದುಕೊಂಡು ಗೋಳೋ ಎಂದು ಅತ್ತಳು. ಬಿಳಿಯರು ಬಾಗಿಲಿಗೆ ಬಂದು ದುರುಗುಟ್ಟಿದರು. ಲೆಟ್ಟಿ ಹೆದರಿ ಅವ್ವನ ಲಂಗ ಜಗ್ಗಿದಳು.

“ಅವ್ವಾ, ಎಲ್ಲಾರ್ಗೂ ಕೇಳ್ತದೆ. ಕೊಪ್ಪರಿಗೆ ಬೋರ್ಲು ಹಾಕ್ಲಾ?”

“ಬ್ಯಾಡ ಕಣೇ,” ಎಂದಳು ಕೆಜಾಯಾ. “ಅದ್ರಾಗೆ ಬಟ್ಟೆ ಬೇಯ್ತಾ ಅವೆ. ಕೇಳ್ಲಿ ಬುಡು.”